ಮಗಳ ಅಂಕ 73.9, ಅಮ್ಮನ ಅಂಕ 56.5: ಯಾವುದನ್ನು ನಂಬಬೇಕು?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಒಂದೂವರೆ ವರ್ಷದಿಂದ ಮಕ್ಕಳ ಸಂಧಿವಾತ ಇದೆ. ಎರಡೂ ಮೊಣಕಾಲು ಮತ್ತು ಬಲಗೈ ಮಣಿಕಟ್ಟಿಗೆ ತೊಂದರೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ಕೊಡುತ್ತಿದ್ದೇವೆ. ಕಳೆದ ಸಲ ಆಸ್ಪತ್ರೆಗೆ ಹೋದಾಗ ಪೆಡ್ಸ್‌ಕ್ಯೂಎಲ್ ಎಂಬ ಫಾರ್ಮ್ ಅವಳಿಗೊಂದು, ನನಗೊಂದು ಕೊಟ್ಟರು. ಅವಳ ಅಂಕ 73.9 ಬಂತು, ನನ್ನದು 56.5. ಅವಳು ಸರಿಯಾಗಿ ತುಂಬಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಫಿಸಿಯೋಥೆರಪಿಯವರು ಇನ್ನೊಂದು ಫಾರ್ಮ್ ತುಂಬಿಸಿ 0.875 ಎಂದು ಬರೆದಿದ್ದಾರೆ, ಅದು ಎಷ್ಟಕ್ಕೆ ಎಷ್ಟು ಎಂದು ತಿಳಿಯಲಿಲ್ಲ. ಶಾಲೆಯಲ್ಲಿ ಅವಳಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಬರೆದುಕೊಡಿ ಎನ್ನುತ್ತಿದ್ದಾರೆ. ನಮ್ಮ ಮನೆಮಾತು ತುಳು. ಮೂರೂ ಫಾರ್ಮ್‌ಗಳ ಪ್ರತಿ ಜೊತೆಗಿಟ್ಟಿದ್ದೇನೆ.
ಒಬ್ಬ ತಾಯಿ, ಕಾಪು

ಉತ್ತರ: ಎರಡೂ ಅಂಕ ಸರಿಯೇ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ, ಒಂದನ್ನು ಹಿಡಿದು ಇನ್ನೊಂದನ್ನು ತಿದ್ದಲೂ ಹೋಗಬೇಡಿ. ಇನ್ನು 0.875 ನೂರಕ್ಕೆ ಬಂದ ಅಂಕವಲ್ಲ, ಮೂರಕ್ಕೆ ಬಂದದ್ದು. ಅದರ ದಿಕ್ಕೂ ಉಲ್ಟಾ. ಪೆಡ್ಸ್‌ಕ್ಯೂಎಲ್‌ನಲ್ಲಿ ಅಂಕ ಹೆಚ್ಚಿದಷ್ಟೂ ಒಳ್ಳೆಯದು, ಫಿಸಿಯೋಥೆರಪಿಯವರ ಫಾರ್ಮ್‌ನಲ್ಲಿ ಕಡಿಮೆಯಾದಷ್ಟೂ ಒಳ್ಳೆಯದು. ಒಂದೇ ಫೈಲಿನಲ್ಲಿ ಎರಡೂ ಇದ್ದರೆ ಆಸ್ಪತ್ರೆಯವರಿಗೇ ಒಮ್ಮೊಮ್ಮೆ ಗೊಂದಲವಾಗುತ್ತದೆ. ಹಾಗಾಗಿ ಪ್ರತಿಯ ಮೇಲೆ ಪೆನ್ನಿನಲ್ಲಿ ಬಾಣದ ಗುರುತು ಹಾಕಿಟ್ಟುಕೊಳ್ಳಿ.

ಮೊದಲು 73.9 ಎಲ್ಲಿಂದ ಬಂತು ನೋಡೋಣ. ಪೆಡ್ಸ್‌ಕ್ಯೂಎಲ್ ಎಂದರೆ ಮಗುವಿನ ಬದುಕು ಒಟ್ಟಾರೆ ಹೇಗಿದೆ ಎಂದು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ವಾರ್ನಿ ಮತ್ತು ಅವರ ತಂಡ ರೂಪಿಸಿದ ಪ್ರಶ್ನಾವಳಿ. ಎಲ್ಲ ಕಾಯಿಲೆಗಳಿಗೂ ಬಳಸುವ ಸಾಮಾನ್ಯ ಫಾರ್ಮ್‌ನಲ್ಲಿ 23 ಪ್ರಶ್ನೆಗಳಿವೆ. ದೇಹದ ಚಟುವಟಿಕೆ ಬಗ್ಗೆ ಎಂಟು, ಮನಸ್ಸಿನ ಬಗ್ಗೆ ಐದು, ಬೇರೆ ಮಕ್ಕಳ ಜೊತೆಗಿನ ಒಡನಾಟದ ಬಗ್ಗೆ ಐದು, ಶಾಲೆಯ ಬಗ್ಗೆ ಐದು. ಕಳೆದ ಒಂದು ತಿಂಗಳಲ್ಲಿ ಈ ವಿಷಯ ನಿನಗೆ ಎಷ್ಟು ಸಲ ತೊಂದರೆ ಕೊಟ್ಟಿತು ಎಂಬುದೇ ಎಲ್ಲ ಪ್ರಶ್ನೆಗಳ ಧಾಟಿ. ಯಾವತ್ತೂ ಇಲ್ಲ ಎಂದರೆ 0, ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದರೆ 1, ಕೆಲವೊಮ್ಮೆ 2, ಆಗಾಗ 3, ಹೆಚ್ಚುಕಡಿಮೆ ಯಾವಾಗಲೂ ಎಂದರೆ 4. ಲೆಕ್ಕ ಹಾಕುವಾಗ ಇದನ್ನು ತಿರುಗಿಸುತ್ತಾರೆ: 0 ಇದ್ದಲ್ಲಿ 100, 1 ಇದ್ದಲ್ಲಿ 75, 2ಕ್ಕೆ 50, 3ಕ್ಕೆ 25, 4ಕ್ಕೆ ಸೊನ್ನೆ. ಉತ್ತರಿಸಿದ ಪ್ರಶ್ನೆಗಳ ಅಂಕ ಕೂಡಿಸಿ, ಎಷ್ಟು ಪ್ರಶ್ನೆಗೆ ಉತ್ತರಿಸಿದ್ದಾರೋ ಅಷ್ಟರಿಂದ ಭಾಗಿಸಿದರೆ ಆಯಿತು. ಒಂದು ವಿಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಶ್ನೆ ಖಾಲಿ ಬಿಟ್ಟಿದ್ದರೆ ಆ ವಿಭಾಗಕ್ಕೆ ಅಂಕ ಕೊಡುವುದಿಲ್ಲ.

ನಿಮ್ಮ ಮಗಳ ಫಾರ್ಮ್‌ನಲ್ಲಿ ದೇಹದ ವಿಭಾಗ 62.5, ಮನಸ್ಸು 85, ಒಡನಾಟ 75, ಶಾಲೆ 80. ನಿಮ್ಮ ಫಾರ್ಮ್‌ನಲ್ಲಿ ದೇಹ 56.3, ಮನಸ್ಸು 45, ಒಡನಾಟ 55, ಶಾಲೆ 70. ಒಟ್ಟು ಅಂಕವನ್ನು ಪಕ್ಕಕ್ಕಿಟ್ಟು ಈ ನಾಲ್ಕು ಜೋಡಿಗಳನ್ನು ನೋಡಿ. ದೇಹದ ವಿಷಯದಲ್ಲಿ ನಿಮ್ಮಿಬ್ಬರ ನಡುವೆ ಆರು ಅಂಕದ ಅಂತರವಷ್ಟೇ. ನಡೆಯುವುದು, ಓಡುವುದು, ಆಟ, ನೋವು, ಸುಸ್ತು ಎಲ್ಲದಕ್ಕೂ ಇಬ್ಬರೂ ಒಂದೇ ಉತ್ತರ ಗುರುತಿಸಿದ್ದೀರಿ. ಬೇರೆಯಾಗಿರುವುದು ಎರಡೇ ಕಡೆ: ಭಾರ ಎತ್ತುವುದು ಮತ್ತು ತಾನೇ ಸ್ನಾನ ಮಾಡುವುದು. ಆಸ್ಪತ್ರೆಗೆಂದು ಶಾಲೆ ತಪ್ಪಿದ್ದಕ್ಕೂ ಇಬ್ಬರದೂ ‘ಕೆಲವೊಮ್ಮೆ’ ಎಂದೇ ಇದೆ. ಬೇಕಾಬಿಟ್ಟಿ ಗುರುತು ಹಾಕಿದ ಮಗುವಿನ ಫಾರ್ಮ್ ಹೀಗೆ ಇರುವುದಿಲ್ಲ. ಪ್ರಶ್ನೆ ಓದದೆ ತುಂಬಿದ ಮಕ್ಕಳ ಫಾರ್ಮ್‌ನಲ್ಲಿ ಒಂದೇ ಕಂಬದಲ್ಲಿ ಮೇಲಿನಿಂದ ಕೆಳಗಿನವರೆಗೆ ಗುರುತಿರುತ್ತದೆ, ಇಲ್ಲವೇ ಎಲ್ಲವೂ ಸೊನ್ನೆ ಇರುತ್ತದೆ. ಅವಳು ಓದಿಯೇ ತುಂಬಿದ್ದಾಳೆ.

ದೊಡ್ಡ ಅಂತರ ಇರುವುದು ಮನಸ್ಸಿನ ವಿಭಾಗದಲ್ಲಿ, ಬರೋಬ್ಬರಿ 40 ಅಂಕ. ಇದು ನಿಮ್ಮ ಮನೆಯಲ್ಲಿ ಮಾತ್ರ ಕಾಣುವ ಸಂಗತಿಯಲ್ಲ. ಕಣ್ಣಿಗೆ ಕಾಣುವ ವಿಷಯಗಳಲ್ಲಿ ತಂದೆತಾಯಿ ಮತ್ತು ಮಕ್ಕಳ ಉತ್ತರ ಹೊಂದುತ್ತವೆ, ಒಳಗಿನ ವಿಷಯಗಳಲ್ಲಿ ಹೊಂದುವುದಿಲ್ಲ. ದೀರ್ಘ ಕಾಲದ ಕಾಯಿಲೆ ಇರುವ ಮಕ್ಕಳ ತಂದೆತಾಯಿ ಸಾಮಾನ್ಯವಾಗಿ ಮಕ್ಕಳೇ ಕೊಟ್ಟದ್ದಕ್ಕಿಂತ ಕಡಿಮೆ ಅಂಕ ಕೊಡುತ್ತಾರೆ. ಇದಕ್ಕೆ ಕಾರಣ ಒಂದಲ್ಲ. ನೀವು ನೋಡುವುದು ಬೆಳಗ್ಗಿನ ಆರೂವರೆ ಗಂಟೆಯ ಮಗಳನ್ನು, ಕೀಲು ಬಿಗಿದು ಚಾಪೆಯಿಂದ ಏಳಲಾರದವಳನ್ನು. ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಗೆಳತಿಯರ ಜೊತೆ ನಗುವವಳು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಕಾಯಿಲೆ ಬರುವ ಮೊದಲಿನ ಮಗಳಿಗೆ ಇವಳನ್ನು ಹೋಲಿಸಿ ನೀವು ಉತ್ತರಿಸುತ್ತೀರಿ. ಅವಳು ಹೋಲಿಸುವುದು ಕಳೆದ ಮಳೆಗಾಲದ ತನಗೆ, ಅಂದರೆ ನೋವು ಇದಕ್ಕಿಂತ ಜೋರಾಗಿದ್ದ ದಿನಗಳಿಗೆ. ಮಕ್ಕಳು ಹೊಂದಿಕೊಳ್ಳುತ್ತಾರೆ. ಅದನ್ನು ಮರೆಮಾಚುವಿಕೆ ಎಂದು ತಿಳಿಯಬೇಕಾಗಿಲ್ಲ.

ಆದರೆ ಅವಳು ಹೇಳಿದ್ದೇ ಪೂರ್ತಿ ಸತ್ಯ ಎಂದೂ ನಾನು ಹೇಳುತ್ತಿಲ್ಲ. ಅಮ್ಮ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಕಡಿಮೆ ಮಾಡಿ ಹೇಳುವ ಮಕ್ಕಳೂ ಇದ್ದಾರೆ, ಅದರಲ್ಲೂ ಅಮ್ಮ ಪಕ್ಕದಲ್ಲೇ ಕೂತಿದ್ದರೆ. ಹಾಗಾಗಿ ಐದು ಪ್ರಶ್ನೆಗಳನ್ನೂ ಬಿಡಿಬಿಡಿಯಾಗಿ ನೋಡಬೇಕು. ನಿದ್ದೆಗೆ ತೊಂದರೆ ಎಂಬುದಕ್ಕೆ ನಿಮ್ಮದು 3, ಅವಳದು 1. ಇದು ಎಣಿಸಿ ತೀರ್ಮಾನಿಸಬಹುದಾದ ವಿಷಯ: ಎರಡು ವಾರ, ರಾತ್ರಿ ಎಷ್ಟು ಸಲ ಎದ್ದಳು, ಎದ್ದದ್ದು ನೋವಿಗೋ ಬೇರೆ ಕಾರಣಕ್ಕೋ ಬರೆದಿಡಿ. ನೋವಿನಿಂದ ಎಚ್ಚರವಾಗಿ ಕಾಲು ಸರಿಮಾಡಿಕೊಂಡು ಮತ್ತೆ ಮಲಗಿದ ಮಗುವಿಗೆ ಬೆಳಗ್ಗೆ ಅದರ ನೆನಪೇ ಇರುವುದಿಲ್ಲ. ಇಲ್ಲಿ ನಿಮ್ಮ ಉತ್ತರಕ್ಕೇ ಹೆಚ್ಚು ತೂಕ. ‘ಮುಂದೆ ನನಗೆ ಏನಾಗುತ್ತದೋ ಎಂಬ ಚಿಂತೆ’ ಎಂಬುದಕ್ಕೆ ನಿಮ್ಮದು 3, ಅವಳದು 0. ಆ ಚಿಂತೆ ಯಾರದು ಎಂದು ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ. ತಾಯಿಯ ಆತಂಕ, ಖಿನ್ನತೆ ಹೆಚ್ಚಿದ್ದಾಗ ಮಗುವಿನ ಬಗ್ಗೆ ಕೊಡುವ ಅಂಕ ಇಳಿಯುತ್ತದೆ. ಇದನ್ನು ದೂರುವುದಕ್ಕೆ ಹೇಳುತ್ತಿಲ್ಲ. ನಿಮ್ಮ ಹೊರೆಯನ್ನು ಅಳೆಯಲೆಂದೇ ಪೆಡ್ಸ್‌ಕ್ಯೂಎಲ್‌ನಲ್ಲಿ ಕುಟುಂಬದ ಮೇಲಿನ ಪರಿಣಾಮ ಎಂಬ 36 ಪ್ರಶ್ನೆಗಳ ಬೇರೆ ಫಾರ್ಮ್ ಇದೆ. ಮುಂದಿನ ಸಲ ಅದನ್ನು ಕೇಳಿ ಪಡೆಯಿರಿ. ನಿಮ್ಮ ಹೊರೆಗೆ ಅದರದೇ ಜಾಗ ಸಿಕ್ಕಿದರೆ ಮಗಳ ಫಾರ್ಮ್‌ನಲ್ಲಿ ಅವಳ ವಿಷಯ ಮಾತ್ರ ಉಳಿಯುತ್ತದೆ.

ಗೇಲಿ ಮಾಡುತ್ತಾರೆ ಎಂಬ ಪ್ರಶ್ನೆಗೆ ಅವಳು 1 ಹಾಕಿದ್ದಾಳೆ. ನಿಮ್ಮದು 2. ಇಲ್ಲಿ ಮಗುವಿನ ಮಾತೇ ಮುಖ್ಯ, ಆದರೆ ಇದೊಂದನ್ನು ಸೊನ್ನೆ ಅಲ್ಲ ಎಂಬ ಕಾರಣಕ್ಕೇ ವಿಚಾರಿಸಬೇಕು. ‘ಯಾರು ಏನು ಹೇಳಿದರು’ ಎಂದು ನೀವು ಕೇಳುವುದಕ್ಕಿಂತ ಆಸ್ಪತ್ರೆಯ ಕೌನ್ಸಿಲರ್ ಅಥವಾ ನರ್ಸ್ ಅವಳೊಬ್ಬಳನ್ನೇ ಕೂರಿಸಿ ಕೇಳುವುದು ಒಳ್ಳೆಯದು.

ಇನ್ನು ತುಂಬುವ ಕ್ರಮ. ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಮಗು ಮೊದಲು ತುಂಬಬೇಕು, ತಾಯಿ ಆಮೇಲೆ. ಇಬ್ಬರೂ ಬೇರೆ ಬೇರೆ ಕಡೆ ಕೂರಬೇಕು, ಕನಿಷ್ಠ ಬೆನ್ನು ತಿರುಗಿಸಿಯಾದರೂ. ವೈದ್ಯರನ್ನು ನೋಡುವ ಮೊದಲು, ರಕ್ತ ತೆಗೆಯುವ ಮೊದಲು ಮುಗಿಯಬೇಕು. ಸೂಜಿ ಚುಚ್ಚಿಸಿಕೊಂಡು ಅಳುತ್ತಾ ಬಂದ ಮಗುವಿನ ಕೈಗೆ ಫಾರ್ಮ್ ಕೊಟ್ಟರೆ ಒಂದು ತಿಂಗಳ ಬದಲು ಹತ್ತು ನಿಮಿಷದ ಉತ್ತರ ಬರುತ್ತದೆ. ಎಂಟು ವರ್ಷ ದಾಟಿದ ಮಕ್ಕಳು ತಾವೇ ಓದಿ ತುಂಬುತ್ತಾರೆ. ಐದರಿಂದ ಏಳು ವರ್ಷದವರಿಗೆ ಬೇರೆ ಫಾರ್ಮ್ ಇದೆ. ಅದರಲ್ಲಿ ದೊಡ್ಡವರೊಬ್ಬರು ಪ್ರಶ್ನೆ ಓದಿ ಹೇಳುತ್ತಾರೆ, ಮಗು ಮೂರು ಮುಖದ ಚಿತ್ರಗಳಲ್ಲಿ ಒಂದನ್ನು ತೋರಿಸುತ್ತದೆ. ಎರಡರಿಂದ ನಾಲ್ಕು ವರ್ಷದವರಿಗೆ ತಂದೆತಾಯಿಯ ಫಾರ್ಮ್ ಮಾತ್ರ.

ಓದಿ ಹೇಳುವಾಗ ಇದ್ದದ್ದನ್ನು ಇದ್ದ ಹಾಗೇ ಎರಡು ಸಲ ಓದಿ, ನಿಲ್ಲಿಸಿ. ‘ಮೊನ್ನೆ ಮೆಟ್ಟಿಲು ಹತ್ತುವಾಗ ಅತ್ತಿದ್ದು ಮರೆತುಹೋಯಿತಾ?’ ಎಂದು ನೆನಪಿಸಿದ ಕ್ಷಣದಿಂದ ಅದು ನಿಮ್ಮ ಫಾರ್ಮ್ ಆಗುತ್ತದೆ. ಒಂಬತ್ತರ ಮಗುವಿಗೆ ಒಂದು ತಿಂಗಳು ಎಂದರೆ ಎಷ್ಟು ಎಂಬ ಅಂದಾಜು ಕಷ್ಟ. ಅದಕ್ಕೊಂದು ಗಡಿ ಕೊಡಬಹುದು: ‘ಅಷ್ಟಮಿ ಕಳೆದ ಮೇಲಿನಿಂದ ಇವತ್ತಿನವರೆಗೆ’, ಅಥವಾ ಚೌತಿಯಿಂದ, ಅಥವಾ ಯೂನಿಟ್ ಟೆಸ್ಟಿನಿಂದ. ಗಡಿಯನ್ನು ಎಲ್ಲ ಪ್ರಶ್ನೆಗಳಿಗೂ ಮೊದಲು ಒಮ್ಮೆ ಹೇಳಿದರೆ ಸಾಕು.

ತುಳು ವಿಷಯಕ್ಕೆ ಬಂದರೆ, ನಾಲ್ಕನೇ ಕ್ಲಾಸಿನ ಮಗು ಕನ್ನಡ ಶಾಲೆಯಲ್ಲಿ ಓದುತ್ತಿದ್ದರೆ ಕನ್ನಡ ಫಾರ್ಮ್ ಅವಳೇ ಓದುವುದು ಸರಿ. ತೊಂದರೆ ಬರುವುದು ಅರ್ಧ ಕನ್ನಡದಲ್ಲಿ ಓದಿ, ಅರ್ಧ ತುಳುವಿನಲ್ಲಿ ವಿವರಿಸುವಾಗ. ಪಕ್ಕದಲ್ಲಿದ್ದವರು ಆ ಹೊತ್ತಿಗೆ ತೋಚಿದ ಹಾಗೆ ಹೇಳುತ್ತಾರೆ, ಮುಂದಿನ ಸಲ ಬೇರೆಯವರು ಬೇರೆ ಥರ ಹೇಳುತ್ತಾರೆ. ಮಗಳಿಗೆ ತುಳುವೇ ಸಲೀಸು ಎಂದಾದರೆ ಯಾವ ಪ್ರಶ್ನೆಯನ್ನು ಹೇಗೆ ಹೇಳಿದಿರಿ ಎಂದು ಫಾರ್ಮ್‌ನ ಅಂಚಿನಲ್ಲೇ ಬರೆದಿಡಿ, ಮುಂದಿನ ಸಲವೂ ಅದನ್ನೇ ಹೇಳಿ. ಬ್ಯಾರಿ, ಕೊಂಕಣಿ ಮನೆಗಳಿಗೂ ಇದೇ ಮಾತು. ನಡಿಗೆಯ ಪ್ರಶ್ನೆಯಲ್ಲಿ ಬರುವ ದೂರಕ್ಕೆ ಮಗುವಿಗೆ ಗೊತ್ತಿರುವ ಒಂದು ದಾರಿಯನ್ನು ಗೊತ್ತುಮಾಡಿಕೊಳ್ಳಿ, ಮನೆಯ ಗೇಟಿನಿಂದ ಬಸ್‌ಸ್ಟಾಪಿಗೆ ಎಂದಿಟ್ಟುಕೊಳ್ಳಿ. ಅದನ್ನೂ ಬರೆದಿಡಿ. ಹಾಗೆಂದು ಇಡೀ ಫಾರ್ಮನ್ನು ನೀವೇ ಅನುವಾದ ಮಾಡಿ ಹಂಚಬೇಡಿ. ಇದು ಹಕ್ಕುಸ್ವಾಮ್ಯ ಇರುವ ಪ್ರಶ್ನಾವಳಿ, ಫ್ರಾನ್ಸಿನ ಮಾಪಿ ರಿಸರ್ಚ್ ಟ್ರಸ್ಟ್ ಮೂಲಕ ಅನುಮತಿ ಪಡೆದು ಬಳಸಬೇಕಾದದ್ದು. ಅನುವಾದ ಮಾಡಿದ್ದನ್ನು ಬೇರೊಬ್ಬರು ಮೂಲ ಭಾಷೆಗೆ ಮರಳಿ ತಂದು ನೋಡಿ, ಮಕ್ಕಳ ಮುಂದೆ ಓದಿಸಿ ಪರೀಕ್ಷಿಸುವ ಕ್ರಮವೊಂದಿದೆ. ಅದಿಲ್ಲದೆ ಬಂದ ಅಂಕವನ್ನು ಯಾವುದಕ್ಕೂ ಹೋಲಿಸಲಾಗದು.

ಹೋಲಿಕೆ ಎಂದಾಗ ನಮ್ಮ ಕರಾವಳಿಯ ಋತುಮಾನವನ್ನು ಮರೆಯುವಂತಿಲ್ಲ. ಜುಲೈಯಲ್ಲಿ ತುಂಬಿದ ಫಾರ್ಮ್‌ನಲ್ಲಿ ಓಟ, ಆಟದ ಪ್ರಶ್ನೆಗಳಿಗೆ ಆರೋಗ್ಯವಂತ ಮಕ್ಕಳ ಉತ್ತರವೂ ಬೇರೆಯೇ ಇರುತ್ತದೆ, ಮಳೆಗೆ ಮೈದಾನಕ್ಕೇ ಇಳಿದಿರುವುದಿಲ್ಲ. ಮಳೆಗೆಂದು ಜಿಲ್ಲಾಧಿಕಾರಿಗಳು ಕೊಟ್ಟ ರಜೆಯನ್ನು ‘ಹುಷಾರಿಲ್ಲದೆ ಶಾಲೆ ತಪ್ಪಿತು’ ಎಂಬುದಕ್ಕೆ ಸೇರಿಸಬಾರದು. ಮೇ ತಿಂಗಳಲ್ಲಿ ಶಾಲೆಯೇ ಇರುವುದಿಲ್ಲ. ಆಗ ಶಾಲೆಯ ಐದು ಪ್ರಶ್ನೆ ಖಾಲಿ ಬಿಡಬೇಕು, ಆ ಸಲದ ಒಟ್ಟು ಅಂಕವನ್ನು ಬೇರೆ ಸಲದ ಒಟ್ಟು ಅಂಕಕ್ಕೆ ಹೋಲಿಸಬಾರದು, ಉಳಿದ ಮೂರು ವಿಭಾಗಗಳನ್ನು ಮಾತ್ರ ಹೋಲಿಸಬೇಕು. ಸಾಧ್ಯವಾದರೆ ಈ ವರ್ಷದ ಸೆಪ್ಟೆಂಬರಿಗೆ ಮುಂದಿನ ವರ್ಷದ ಸೆಪ್ಟೆಂಬರನ್ನು ಇಟ್ಟು ನೋಡಿ. ತಂದೆ ಗಲ್ಫಿನಲ್ಲೋ ಮುಂಬೈಯಲ್ಲೋ ಇರುವ ಮನೆಗಳಲ್ಲಿ ಒಂದು ಸಲ ಅಮ್ಮ, ಇನ್ನೊಂದು ಸಲ ಅಜ್ಜಿ, ರಜೆಗೆ ಬಂದಾಗ ಅಪ್ಪ ತುಂಬುವುದುಂಟು. ಆಗ ಮಗು ಬದಲಾಯಿತೋ ತುಂಬಿದವರು ಬದಲಾದರೋ ತಿಳಿಯುವುದಿಲ್ಲ. ಒಬ್ಬರೇ ತುಂಬಿ.

ಎಷ್ಟು ಬದಲಾದರೆ ಲೆಕ್ಕಕ್ಕೆ ಬರುತ್ತದೆ? ಮಕ್ಕಳ ಒಟ್ಟು ಅಂಕದಲ್ಲಿ 4.4, ತಂದೆತಾಯಿಯ ಒಟ್ಟು ಅಂಕದಲ್ಲಿ 4.5ರಷ್ಟು ಬದಲಾವಣೆಯನ್ನು ಗಮನಿಸಬೇಕಾದ ಕನಿಷ್ಠ ಎಂದು ವಾರ್ನಿ ತಂಡ ಲೆಕ್ಕ ಹಾಕಿದೆ. ಒಂದು ಪ್ರಶ್ನೆಯ ಉತ್ತರ ಒಂದು ಮೆಟ್ಟಿಲು ಸರಿದರೆ ಒಟ್ಟು ಅಂಕ 1.09 ಬದಲಾಗುತ್ತದೆ, ಅಂದರೆ 23 ಪ್ರಶ್ನೆಗಳಲ್ಲಿ ನಾಲ್ಕು ಪ್ರಶ್ನೆ ಒಂದೊಂದು ಮೆಟ್ಟಿಲು ಸರಿದರೂ ಅಷ್ಟಾಯಿತು. 73.9 ಹೋಗಿ 72.8 ಆದರೆ ತಲೆ ಕೆಡಿಸಿಕೊಳ್ಳಬೇಡಿ. ಐದೇ ಪ್ರಶ್ನೆ ಇರುವ ವಿಭಾಗದಲ್ಲಂತೂ ಒಂದು ಗುರುತು ಆಚೀಚೆಯಾದರೆ 5 ಅಂಕ ಏರಿಳಿಯುತ್ತದೆ. ವಿಭಾಗದ ಅಂಕ ಎಲ್ಲಿ ನೋಡಬೇಕು ಎಂದು ತೋರಿಸುತ್ತದೆ, ಅಷ್ಟಕ್ಕೇ ತೀರ್ಪು ಕೊಡಬಾರದು. ನೂರಕ್ಕೆ ನೂರು ಬರಬೇಕು ಎಂಬ ನಿರೀಕ್ಷೆಯೂ ಬೇಡ. ಅಮೆರಿಕದ ಆರೋಗ್ಯವಂತ ಮಕ್ಕಳಲ್ಲೇ ಸರಾಸರಿ 83ರ ಆಸುಪಾಸು. ಮಕ್ಕಳ ಫಾರ್ಮ್‌ನಲ್ಲಿ 69.7ಕ್ಕಿಂತ, ತಂದೆತಾಯಿಯ ಫಾರ್ಮ್‌ನಲ್ಲಿ 65.4ಕ್ಕಿಂತ ಕೆಳಗಿದ್ದರೆ ಎಚ್ಚರ ಎಂಬ ಗೆರೆಯೂ ಅಲ್ಲಿನ ಮಕ್ಕಳಿಂದಲೇ ಬಂದದ್ದು. ಅದನ್ನು ಉಡುಪಿಯ ಮಗುವಿಗೆ ಪಾಸು-ಫೇಲಿನ ಗೆರೆಯಂತೆ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಅವಳನ್ನು ಅವಳಿಗೇ ಹೋಲಿಸಿ.

ಈಗ 0.875. ಅದು ಸಿಎಚ್‌ಎಕ್ಯೂ ಎಂಬ ಪ್ರಶ್ನಾವಳಿ. ದೊಡ್ಡವರ ಸಂಧಿವಾತಕ್ಕೆ ಇದ್ದ ಫಾರ್ಮನ್ನು ಮಕ್ಕಳಿಗೆ ಹೊಂದಿಸಿ 1994ರಲ್ಲಿ ಪ್ರಕಟಿಸಿದ್ದು. ಇದು ಜೀವನ ಹೇಗಿದೆ ಎಂದು ಕೇಳುವುದಿಲ್ಲ, ಕೆಲಸ ಆಗುತ್ತದೋ ಇಲ್ಲವೋ ಎಂದಷ್ಟೇ ಕೇಳುತ್ತದೆ. ಹಾಗಾಗಿ ಪೆಡ್ಸ್‌ಕ್ಯೂಎಲ್ ಜೊತೆ ತಾಳೆಯಾಗಲೇಬೇಕು ಎಂದಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವ ಮಗು ತನ್ನ ಬದುಕು ಚೆನ್ನಾಗಿದೆ ಎನ್ನಬಹುದು, ಕುಂಟದೆ ನಡೆಯುವ ಮಗು ಒಳಗೊಳಗೇ ಕುಗ್ಗಿರಬಹುದು. ಕಳೆದ ಒಂದು ವಾರದ ಬಗ್ಗೆ 30 ಕೆಲಸಗಳು, ಎಂಟು ಗುಂಪುಗಳಲ್ಲಿ: ಬಟ್ಟೆ ಹಾಕುವುದು ಮತ್ತು ತಲೆ ಬಾಚುವುದು, ಏಳುವುದು, ಊಟ, ನಡಿಗೆ, ಸ್ನಾನ-ಶೌಚ, ಕೈಚಾಚುವುದು, ಹಿಡಿತ, ಚಟುವಟಿಕೆ. ಸಲೀಸು ಎಂದರೆ 0, ಸ್ವಲ್ಪ ಕಷ್ಟ 1, ತುಂಬ ಕಷ್ಟ 2, ಆಗುವುದೇ ಇಲ್ಲ 3. ಪ್ರತಿ ಗುಂಪಿನಲ್ಲಿ ಅತಿ ಹೆಚ್ಚು ಬಂದ ಅಂಕವೇ ಆ ಗುಂಪಿನ ಅಂಕ. ಎಂಟನ್ನೂ ಕೂಡಿಸಿ ಎಂಟರಿಂದ ಭಾಗಿಸುತ್ತಾರೆ. ನಿಮ್ಮ ಫಾರ್ಮ್‌ನಲ್ಲಿ ಏಳುವುದಕ್ಕೆ 2, ಊಟ ಮತ್ತು ಕೈಚಾಚುವುದಕ್ಕೆ 0, ಉಳಿದ ಐದಕ್ಕೆ ಒಂದೊಂದು. ಒಟ್ಟು 7, ಎಂಟರಿಂದ ಭಾಗಿಸಿದರೆ 0.875.

ಆ 2ನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಏಳುವ ಗುಂಪಿನಲ್ಲಿ ನೀವು ಗುರುತಿಸಿದ್ದು ‘ಸ್ವಲ್ಪ ಕಷ್ಟ’, ಅಂದರೆ 1. ಆದರೆ ಕೆಳಗೆ ‘ಇನ್ನೊಬ್ಬರ ಸಹಾಯ ಬೇಕು’ ಎಂಬಲ್ಲೂ ಗುರುತು ಹಾಕಿದ್ದೀರಿ. ಇನ್ನೊಬ್ಬರ ಸಹಾಯವೋ ಸಲಕರಣೆಯೋ ಬೇಕೆಂದಾದರೆ ಆ ಗುಂಪಿಗೆ ಕನಿಷ್ಠ 2 ಕೊಡಬೇಕೆಂದು ನಿಯಮ. ಪ್ರಶ್ನೆ ಇಷ್ಟೇ: ಅವಳಿಗೆ ಸಹಾಯ ಬೇಕೋ, ಅಥವಾ ಬಸ್ಸಿಗೆ ಹೊತ್ತಾಗುತ್ತದೆಂದು ನೀವು ಎತ್ತಿ ನಿಲ್ಲಿಸುತ್ತೀರೋ? ಭಾನುವಾರ ಯಾರೂ ಅವಸರ ಮಾಡದಿದ್ದರೆ ಅವಳೇ ಗೋಡೆ ಹಿಡಿದು ಹತ್ತು ನಿಮಿಷದಲ್ಲಿ ಏಳುತ್ತಾಳೆ ಎಂದಾದರೆ ಸಹಾಯ ‘ಬೇಕು’ ಎಂದಾಗುವುದಿಲ್ಲ. ಮಗುವಿನಿಂದ ಏನು ಸಾಧ್ಯ ಎಂಬುದು ಒಂದು, ಮನೆಯಲ್ಲಿ ದಿನಾ ಏನು ನಡೆಯುತ್ತದೆ ಎಂಬುದು ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲೂ ಇವೆರಡನ್ನು ಬೇರೆ ಬೇರೆಯಾಗಿಯೇ ಗುರುತಿಸುತ್ತಾರೆ. ಎರಡರ ನಡುವೆ ಅಂತರ ಇದ್ದರೆ ಮದ್ದು ಹೆಚ್ಚಿಸುವ ಬದಲು ಅರ್ಧ ಗಂಟೆ ಮೊದಲು ಎಬ್ಬಿಸಿ, ಬಿಸಿನೀರಿನ ಶಾಖ ಕೊಟ್ಟರೆ ಸಾಕಾಗಬಹುದು.

ಇನ್ನೊಂದು ಕೊರತೆ ಇದೆ. ಬೇರೆ ದೇಶದ ಫಾರ್ಮ್‌ನಲ್ಲಿ ಬಾತ್‌ಟಬ್ ಇಳಿದು ಹತ್ತುವುದು, ಕಾರಿನ ಬಾಗಿಲು ತೆರೆಯುವುದು ಮುಂತಾದವು ಇರುತ್ತವೆ. ನಮ್ಮ ಮಗುವಿನ ಮೊಣಕಾಲಿಗೆ ನಿಜವಾದ ಪರೀಕ್ಷೆ ಕುಕ್ಕರಗಾಲಲ್ಲಿ ಕೂರುವ ಶೌಚಾಲಯ, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತು ಏಳುವುದು, ಬಚ್ಚಲಲ್ಲಿ ಹಂಡೆಯಿಂದ ಚೊಂಬಿನಲ್ಲಿ ನೀರು ತೆಗೆದು ಹೊಯ್ದುಕೊಳ್ಳುವುದು. ಮಣಿಕಟ್ಟಿಗೆ ಪರೀಕ್ಷೆ ಸ್ಟೀಲ್ ಡಬ್ಬಿಯ ಮುಚ್ಚಳ, ಕೊಡೆ ಬಿಚ್ಚುವುದು, ರೈನ್‌ಕೋಟಿನ ಗುಂಡಿ ಒತ್ತುವುದು. ಅವಳ ಭಾರ ಎತ್ತುವ ಪ್ರಶ್ನೆಯಲ್ಲೂ ನಿಮಗೂ ಅವಳಿಗೂ ಹೊಂದಾಣಿಕೆಯಾಗದ್ದು ಬಹುಶಃ ಶಾಲೆಯ ಚೀಲವನ್ನು ಬೆಳಗ್ಗೆ ನೀವು ಹೊತ್ತು, ಸಂಜೆ ಅವಳೇ ಹೊತ್ತು ತರುವುದರಿಂದ. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಹನ್ನೊಂದು ಗಂಟೆಗೆ. ಸಂಧಿವಾತದ ಬಿಗಿತ ಹೆಚ್ಚಿರುವುದು ಬೆಳಗ್ಗೆ. ಕಾಪುವಿನಿಂದ ಬಸ್ಸಿನಲ್ಲಿ ಬಂದು, ಕಾರಿಡಾರಿನಲ್ಲಿ ಓಡಾಡಿ ಸಡಿಲವಾದ ಕೀಲನ್ನು ವೈದ್ಯರು ನೋಡುತ್ತಾರೆ.

ಅದಕ್ಕೆ ಮನೆಯಲ್ಲಿ ಒಂದು ವಾರದ ಪಟ್ಟಿ ಮಾಡಿ. ಹಳೆಯ ನೋಟ್‌ಬುಕ್ಕಿನ ಎರಡು ಪುಟ ಸಾಕು. ಅಡ್ಡಕ್ಕೆ ಏಳು ದಿನ, ಉದ್ದಕ್ಕೆ ಐದೋ ಆರೋ ಕೆಲಸ: ಹಾಸಿಗೆಯಿಂದ ಏಳುವುದು, ಶೌಚ, ಸ್ನಾನ, ಯೂನಿಫಾರ್ಮ್, ಡಬ್ಬಿ ತೆರೆಯುವುದು, ಬಸ್‌ಸ್ಟಾಪಿಗೆ ನಡೆಯುವುದು. ಪ್ರತಿ ಚೌಕದಲ್ಲಿ ಎರಡು ಸಂಗತಿ ಬರೆಯಿರಿ. ಒಂದು, ಎಷ್ಟು ನಿಮಿಷ ಹಿಡಿಯಿತು. ಎರಡು, ಸಹಾಯದ ಮಟ್ಟ. ಪುನರ್ವಸತಿ ವಿಭಾಗಗಳಲ್ಲಿ ಬಳಸುವ ವೀಫಿಮ್ ಅಳತೆಯಲ್ಲಿ ಇದಕ್ಕೆ ಏಳು ಮಟ್ಟಗಳಿವೆ. ಪೂರ್ತಿ ತಾನೇ ಮಾಡಿದರೆ 7. ತಾನೇ ಮಾಡಿದರೂ ಹೆಚ್ಚು ಹೊತ್ತು ಹಿಡಿದರೆ ಅಥವಾ ಸಲಕರಣೆ ಬೇಕಾದರೆ 6. ಮುಟ್ಟದೆ ಪಕ್ಕದಲ್ಲಿ ನಿಂತು ಹೇಳಿಕೊಡಬೇಕು, ಇಲ್ಲವೇ ಎಲ್ಲ ಎದುರಿಗೆ ತಂದಿಡಬೇಕು ಎಂದರೆ 5. ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಅವಳು ಮಾಡಿದರೆ 4, ಅರ್ಧದಿಂದ ಮುಕ್ಕಾಲಿನ ಒಳಗೆ 3, ಕಾಲಿನಿಂದ ಅರ್ಧದ ಒಳಗೆ 2, ಕಾಲು ಭಾಗವೂ ಇಲ್ಲದಿದ್ದರೆ 1. ಮನೆಯಲ್ಲಿ ಇದನ್ನು ಅಂದಾಜಿಗೆ ಬಳಸಬಹುದು. ಅಧಿಕೃತ ವೀಫಿಮ್ ಅಂಕ ಬೇಕಾದರೆ 18 ವಿಷಯಗಳನ್ನು ತರಬೇತಿ ಪಡೆದವರೇ ನೋಡಬೇಕು, ಒಟ್ಟು 18ರಿಂದ 126ರವರೆಗೆ ಬರುತ್ತದೆ. ರಾತ್ರಿ ಕೂತು ನೆನಪಿನಿಂದ ಬರೆಯಬೇಡಿ. ಪಟ್ಟಿಯನ್ನು ಬಚ್ಚಲ ಬಾಗಿಲಿನ ಹೊರಗೆ ಪೆನ್ಸಿಲ್ ಸಮೇತ ನೇತುಹಾಕಿ, ಆಗಿಂದಾಗಲೇ ಗುರುತು ಹಾಕಿ. ನಿಮಿಷದ ಲೆಕ್ಕ ಯಾಕೆಂದರೆ, ಮದ್ದು ಹಿಡಿದಾಗ ಮೊದಲು ಇಳಿಯುವುದು ಅದು. ಸಹಾಯದ ಮಟ್ಟ 6 ಇದ್ದದ್ದು 6 ಆಗಿಯೇ ಉಳಿದು, ಹಾಸಿಗೆ ಬಿಡುವುದರಿಂದ ಯೂನಿಫಾರ್ಮಿನವರೆಗಿನ ಹೊತ್ತು 70 ನಿಮಿಷದಿಂದ 40ಕ್ಕೆ ಬಂದಿರಬಹುದು. ಸಿಎಚ್‌ಎಕ್ಯೂನಲ್ಲಿ ಅದು ಕಾಣದೇ ಹೋಗಬಹುದು. ಕಾಯಿಲೆ ಹದಕ್ಕೆ ಬಂದ ಮಕ್ಕಳಲ್ಲಿ ಆ ಫಾರ್ಮ್ ಬೇಗ ಸೊನ್ನೆಗೆ ಬಂದು ನಿಲ್ಲುತ್ತದೆ, ಆಮೇಲಿನ ಸಣ್ಣ ಬದಲಾವಣೆಗಳನ್ನು ಅದು ಹಿಡಿಯುವುದಿಲ್ಲ.

ಮಾತ್ರೆಯ ದಿನವನ್ನೂ ಪಟ್ಟಿಯಲ್ಲಿ ಗುರುತಿಸಿ. ಶನಿವಾರ ರಾತ್ರಿ ಮೆಥೊಟ್ರೆಕ್ಸೇಟ್ ಕೊಟ್ಟರೆ ಭಾನುವಾರವಿಡೀ ಹೊಟ್ಟೆ ತೊಳಸುವುದು ಹಲವು ಮಕ್ಕಳ ಅನುಭವ. ಕೆಲವರಿಗೆ ಹಳದಿ ಮಾತ್ರೆ ಕಂಡರೇ ಓಕರಿಕೆ ಶುರುವಾಗುತ್ತದೆ, ಗಂಜಿಯೂ ಇಳಿಯುವುದಿಲ್ಲ. ಕೀಲು ಶಾಂತವಾಗಿದೆ, ಸಿಎಚ್‌ಎಕ್ಯೂ ಸೊನ್ನೆಯ ಹತ್ತಿರ ಇದೆ, ಆದರೂ ವಾರಕ್ಕೊಂದು ದಿನ ಹಾಳು. 23 ಪ್ರಶ್ನೆಗಳ ಸಾಮಾನ್ಯ ಫಾರ್ಮ್ ಇದನ್ನು ಕೇಳುವುದೇ ಇಲ್ಲ. ಪೆಡ್ಸ್‌ಕ್ಯೂಎಲ್‌ನಲ್ಲೇ ಸಂಧಿವಾತಕ್ಕೆಂದು ಇರುವ ಪ್ರತ್ಯೇಕ ಫಾರ್ಮ್ ನೋವು, ಚಿಕಿತ್ಸೆಯ ಕಿರಿಕಿರಿ, ಚಿಂತೆ, ವೈದ್ಯರ ಜೊತೆ ಮಾತಾಡುವ ಕಷ್ಟ ಎಲ್ಲವನ್ನೂ ಕೇಳುತ್ತದೆ. ಅದನ್ನೂ ಕೊಡಿ ಎಂದು ಕೇಳಿ. ಅದು ಸಿಗದಿದ್ದರೆ ‘ಭಾನುವಾರ ಎಷ್ಟು ಗಂಟೆ ಮಲಗಿದ್ದಳು, ಎಷ್ಟು ಸಲ ವಾಂತಿ’ ಎಂದು ಎರಡು ಸಾಲು ವೈದ್ಯರ ಮುಂದಿಡಿ. ಓಕರಿಕೆಗೆ ಮದ್ದು ಕೊಡುವುದು, ಫೋಲಿಕ್ ಆಸಿಡ್ ಹೊಂದಿಸುವುದು, ಮಾತ್ರೆಯ ಬದಲು ಇಂಜೆಕ್ಷನ್ ಯೋಚಿಸುವುದು, ಇವೆಲ್ಲ ಅವರ ಕೈಯಲ್ಲಿದೆ. ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಬೇರೆ ಕಾಯಿಲೆ ಇರುವ ಮಕ್ಕಳ ತಂದೆತಾಯಂದಿರಿಗೆ ಇಷ್ಟು ಹೇಳಬಹುದು. ಪೆಡ್ಸ್‌ಕ್ಯೂಎಲ್ ಸಾಮಾನ್ಯ ಫಾರ್ಮ್ ಅಸ್ತಮಾ, ಸಕ್ಕರೆ ಕಾಯಿಲೆ, ಥಲಸ್ಸೇಮಿಯಾ ಯಾವುದಕ್ಕೂ ನಡೆಯುತ್ತದೆ, ಅಳೆಯುವ ಕ್ರಮ ಮೇಲಿನದೇ. ಚರ್ಮದ ಕಾಯಿಲೆಗೆ ಹತ್ತು ಪ್ರಶ್ನೆಗಳ ಸಿಡಿಎಲ್‌ಕ್ಯೂಐ ಇದೆ, 30ಕ್ಕೆ ಅಂಕ, ಹೆಚ್ಚಿದಷ್ಟೂ ತೊಂದರೆ ಹೆಚ್ಚು. ನಾಲ್ಕರಿಂದ ಹನ್ನೊಂದು ವರ್ಷದ ಅಸ್ತಮಾ ಮಕ್ಕಳಿಗೆ ಏಳು ಪ್ರಶ್ನೆಗಳ ಪರೀಕ್ಷೆ ಇದೆ, ನಾಲ್ಕಕ್ಕೆ ಮಗುವೂ ಮೂರಕ್ಕೆ ತಂದೆತಾಯಿಯೂ ಉತ್ತರಿಸುತ್ತಾರೆ, 27ಕ್ಕೆ 19 ಅಥವಾ ಕಡಿಮೆ ಬಂದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದರ್ಥ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ, ಕೂರುವುದು ನಡೆಯುವುದು ಎಷ್ಟರ ಮಟ್ಟಿಗೆ ಆಗುತ್ತದೆ ಎಂದು ನೋಡಿ, ಜಿಎಂಎಫ್‌ಸಿಎಸ್ ಎಂದು ಒಂದರಿಂದ ಐದರವರೆಗೆ ಮಟ್ಟ ಬರೆಯುತ್ತಾರೆ. ಅದು ಅಂಕವಲ್ಲ, ವರ್ಗ. ಥೆರಪಿಯಿಂದ ಮೂರು ಹೋಗಿ ಎರಡಾಗಲಿಲ್ಲ ಎಂದು ನಿರಾಶರಾಗುವ ತಂದೆತಾಯಂದಿರು ಬಹಳ. ಪ್ರಗತಿ ನೋಡಲು ಬೇರೆಯದೇ ಅಳತೆಗಳಿವೆ. ಎಲ್ಲಿ ತೋರಿಸುವುದು ಎಂದು ಗೊತ್ತಾಗದವರು ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಿಚಾರಿಸಿ, ಮಂಗಳೂರಿನವರಾದರೆ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ಮಕ್ಕಳ ಆರೋಗ್ಯ ತಪಾಸಣೆಗೆಂದು ಶಾಲೆ, ಅಂಗನವಾಡಿಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡವೂ ದಾರಿ ತೋರಿಸುತ್ತದೆ.

ಶಾಲೆಗೆ ಬರೆದುಕೊಡುವಾಗ ಈ ಯಾವ ಅಂಕವನ್ನೂ ಬರೆಯಬೇಡಿ. ಟೀಚರಿಗೆ 73.9 ಕಂಡರೆ ಫಸ್ಟ್ ಕ್ಲಾಸ್ ಎಂದುಕೊಳ್ಳುತ್ತಾರೆ. ನಿಮ್ಮ ಫಾರ್ಮ್‌ಗಳಲ್ಲಿ ಇರುವುದನ್ನೇ ಮಾತಿಗೆ ತನ್ನಿ: ‘ಬೆಳಗ್ಗಿನ ಮೊದಲ ಪೀರಿಯಡ್‌ನಲ್ಲಿ ಕೀಲು ಬಿಗಿದಿರುತ್ತದೆ, ಪ್ರಾರ್ಥನೆಗೆ ನಿಲ್ಲುವಾಗ ಬೇಕೆನಿಸಿದರೆ ಕೂರಲು ಬಿಡಿ. ನೆಲದ ಮೇಲೆ ಕೂರಿಸುವುದು ಬೇಡ, ಕುರ್ಚಿ ಇರಲಿ. ನಲವತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಲಿ. ಉದ್ದದ ನೋಟ್ಸ್ ಬರೆಯುವಾಗ ಮಣಿಕಟ್ಟು ನೋಯುತ್ತದೆ, ಹೆಚ್ಚು ಸಮಯ ಕೊಡಿ. ಆಟದ ಪೀರಿಯಡ್‌ನಿಂದ ಪೂರ್ತಿ ಹೊರಗಿಡಬೇಡಿ, ಓಟದ ಸ್ಪರ್ಧೆ ಬಿಟ್ಟು ಉಳಿದದ್ದರಲ್ಲಿ ಅವಳಿಗೆ ಆದಷ್ಟು ಆಡಲಿ. ಪುಸ್ತಕದ ಇನ್ನೊಂದು ಸೆಟ್ ಕ್ಲಾಸಿನಲ್ಲೇ ಇಡುತ್ತೇವೆ.’ ಇಷ್ಟನ್ನು ವೈದ್ಯರ ಅಥವಾ ಥೆರಪಿಸ್ಟರ ಸಹಿ ಹಾಕಿಸಿ ಕೊಡಿ. ಆಟದ ಮಾತು ಯಾಕೆ ಸೇರಿಸಿದೆ ಎಂದರೆ, ಒಡನಾಟದ ವಿಭಾಗದಲ್ಲಿ ಅವಳು ತಾನಾಗಿ 2 ಹಾಕಿದ್ದು ಎರಡೇ ಕಡೆ: ಬೇರೆಯವರು ಮಾಡುವುದು ನನ್ನಿಂದಾಗುವುದಿಲ್ಲ ಎಂಬುದಕ್ಕೆ, ಆಟದಲ್ಲಿ ಅವರ ಸಮಕ್ಕೆ ಬರಲಾಗುವುದಿಲ್ಲ ಎಂಬುದಕ್ಕೆ. ಕಾಳಜಿಯಿಂದ ಬದಿಗೆ ಕೂರಿಸಿದರೆ ಇವೆರಡೂ 4 ಆಗುತ್ತವೆ.

ಎರಡು ತಪ್ಪು ತಿಳಿವಳಿಕೆ ಬಹಳ ಕಡೆ ಕಾಣುತ್ತದೆ. 73.9 ಬಂದರೆ ಉಳಿದ 26.1 ಅಂಗವೈಕಲ್ಯದ ಶೇಕಡಾವಾರು ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಶೇಕಡಾವಾರು ನಿರ್ಧರಿಸುವುದು ವೈದ್ಯಕೀಯ ಪ್ರಾಧಿಕಾರ, ಸರ್ಕಾರದ ಬೇರೆಯೇ ಮಾರ್ಗಸೂಚಿ ನೋಡಿ. ಹಲವು ಸೌಲಭ್ಯಗಳಿಗೆ ಅದು 40 ಅಥವಾ ಹೆಚ್ಚು ಇರಬೇಕು. ಈ ಫಾರ್ಮ್‌ಗಳನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು ಹೆಚ್ಚು ಅಪಾಯದ್ದು: ಅಂಕ ಚೆನ್ನಾಗಿದೆ, ಮಗು ಆಡಿಕೊಂಡಿದೆ ಎಂದು ಕಣ್ಣಿನ ತಪಾಸಣೆ ಬಿಡುವುದು. ಮಕ್ಕಳ ಸಂಧಿವಾತದಲ್ಲಿ ಕಣ್ಣಿನೊಳಗೆ ಉರಿಯೂತ ಬರಬಹುದು. ಹೆಚ್ಚಿನ ಮಕ್ಕಳಲ್ಲಿ ನೋವಿಲ್ಲ, ಕೆಂಪಾಗುವುದಿಲ್ಲ, ಮಗುವಿಗೂ ತಿಳಿಯುವುದಿಲ್ಲ, ಯಾವ ಪ್ರಶ್ನಾವಳಿಯಲ್ಲೂ ಕಾಣುವುದಿಲ್ಲ. ಕಣ್ಣಿನ ವೈದ್ಯರು ಬೆಳಕು ಬಿಟ್ಟು ಕಣ್ಣನ್ನು ದೊಡ್ಡದು ಮಾಡಿ ನೋಡುವ ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಲ್ಲಿ ಮಾತ್ರ ಕಾಣುತ್ತದೆ. ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ಆ ತಪಾಸಣೆ ಆಗಬೇಕು. ನಿಮ್ಮ ಮಗಳಿಗೆ ಎಷ್ಟು ತಿಂಗಳಿಗೆ ಎಂದು ಮುಂದಿನ ಭೇಟಿಯಲ್ಲೇ ಕೇಳಿ, ಫೈಲಿನ ಮೊದಲ ಪುಟದಲ್ಲಿ ತಾರೀಕು ಬರೆಸಿಕೊಳ್ಳಿ.